ಒಲೆಯ ಕಂಬಿಯ ಮೇಲಿನ ಕೈ

ಗಲ್ ರಾಕ್ ಹಾರ್ಬರ್, ನ್ಯೂಫೌಂಡ್‌ಲ್ಯಾಂಡ್
೧೯೮೬ರ ಅಕ್ಟೋಬರ್ ೨೬, ಭಾನುವಾರ

ಪ್ರೀತಿಯ ಹೆಡ್ಲಿ,

ನಿನ್ನ ಬಲ ಭುಜದ ನೋವು ಹೇಗಿದೆ? ಚಳಿ ಶುರುವಾದ ಮೇಲೆ ಚುಕ್ಕಾಣಿಯ ಮುಂದೆ ನಾಲ್ಕು ತಾಸು ನಿಂತರೆ ಅದು ಸುಮ್ಮನಿರುವುದಿಲ್ಲವೆಂದು ನನಗೆ ಗೊತ್ತು. ನಾನು ಕಳಿಸಿದ ಮುಲಾಮು ತಲುಪಿತೋ, ಇಲ್ಲ ಥಂಡರ್ ಬೇ ಬಂದರಿನ ಅಂಚೆಯಲ್ಲೇ ಬಿದ್ದಿದೆಯೋ ತಿಳಿಸು. ನಾನು ಆರಾಮಾಗಿದ್ದೇನೆ. ನಿನ್ನ ಅಮ್ಮನೂ ಆರಾಮಾಗಿದ್ದಾರೆ. ಈ ಕೊನೆಯ ವಾಕ್ಯವನ್ನು ಕಳೆದ ಎರಡು ಪತ್ರಗಳಲ್ಲೂ ಬರೆದಿದ್ದೆ. ಆಗ ಅದು ನಿಜವಾಗಿರಲಿಲ್ಲ. ಗೊತ್ತಿದ್ದು ಬರೆದದ್ದಲ್ಲ, ನಾನೇ ಮೋಸ ಹೋಗಿದ್ದೆ. ಈ ಸಲ ನಿಜ. ಆದರೆ ಅದನ್ನು ನೀನು ನಂಬಬೇಕಾದರೆ ನಡೆದದ್ದನ್ನೆಲ್ಲ ಹೇಳಲೇಬೇಕು. ಕೂತು ಓದು.

ಆಗಸ್ಟ್‌ನಲ್ಲಿ ಅಮ್ಮನನ್ನು ಆಸ್ಪತ್ರೆಯಿಂದ ಕರೆತಂದಾಗ ಡಾಕ್ಟರು ಹೇಳಿದ್ದು ನಿನಗೂ ನೆನಪಿದೆ. ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಅದು ಕಣ್ಣಿಗೆ ಕಾಣುವ ಮೊದಲೇ ತೂಕದಲ್ಲಿ ತಿಳಿಯುತ್ತದೆ. ದಿನಾ ತೂಕ ನೋಡಿ ಬರೆದಿಡಿ, ಎರಡು ದಿನದಲ್ಲಿ ಮೂರು ಪೌಂಡು ಏರಿದರೆ ನರ್ಸ್‌ಗೆ ಫೋನ್ ಮಾಡಿ, ಉಪ್ಪು ಮುಟ್ಟಬೇಡಿ. ನೀನು ತೂಕದ ಯಂತ್ರ ತಂದು ಬಚ್ಚಲುಮನೆಯ ಮ್ಯಾಟಿನ ಮೇಲಿಟ್ಟು ಮಹಾಸರೋವರಗಳ ಹಡಗಿಗೆ ಹೊರಟೆ. ಮಾರನೆಯ ದಿನದಿಂದಲೇ ಈ ಮನೆಯಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲದಂತಾಯಿತು. ಬೆಳಿಗ್ಗೆ ನೂರ ಮೂವತ್ತೊಂಬತ್ತು ಪೌಂಡು ಇದ್ದವರು ಮಧ್ಯಾಹ್ನದ ಊಟವಾದ ಮೇಲೆ ನೂರ ನಲವತ್ಮೂರು. ಒಂದು ದಿನ ಮೂರು ಪೌಂಡು ಕಡಿಮೆ, ಮರುದಿನ ನಾಲ್ಕು ಜಾಸ್ತಿ. ಅಮ್ಮ ಕದ್ದು ಉಪ್ಪು ಮಾಂಸ ತಿನ್ನುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಹಿತ್ತಲ ಕೊಟ್ಟಿಗೆಯಲ್ಲಿ ಉಪ್ಪು ಮಾಂಸದ ಬಕೆಟ್ಟು ಇದೆಯಲ್ಲ, ಅದರ ಮುಚ್ಚಳಕ್ಕೆ ಅಡ್ಡವಾಗಿ ಒಂದು ಕಪ್ಪು ದಾರ ಅಂಟಿಸಿದೆ. ನಗಬೇಡ. ದಿನಾ ಹೋಗಿ ದಾರ ನೋಡಿ ಬರುತ್ತಿದ್ದೆ. ಅದು ಹಾಗೇ ಇರುತ್ತಿತ್ತು. ಇವರಿಗೆ ಬೇರೆಲ್ಲೋ ಸಿಗುತ್ತಿದೆ ಅಂದುಕೊಂಡು ಪಕ್ಕದ ಮನೆಯವರನ್ನೂ ಬಿಡದೆ ವಿಚಾರಿಸಿದೆ.

ಅಮ್ಮನ ಅನುಮಾನ ಬೇರೆ. ನಾನು ಯಂತ್ರವನ್ನು ತಿದ್ದಿಟ್ಟು, ಅವರನ್ನು ವೃದ್ಧಾಶ್ರಮಕ್ಕೆ ಸಾಗಿಸಲು ಲೆಕ್ಕ ಕೂಡಿಸುತ್ತಿದ್ದೇನೆ ಎಂದು ಅವರ ತಲೆಯಲ್ಲಿ ಕೂತಿತ್ತು. ನನ್ನೆದುರು ಹೇಳಲಿಲ್ಲ. ಬುಧವಾರ ಬಂದ ನರ್ಸ್ ಯೂನಿಸ್‌ಗೆ ಹೇಳಿದರು, ಅದೂ ನಾನು ಬಾಗಿಲ ಆಚೆ ಟವೆಲ್ಲು ಮಡಚುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೇ: "ಅವಳು ಹೇಳಿದಷ್ಟೇ ತೂಕ ಕಣಮ್ಮ ನಂದು. ಅವಳ ಮೂಡು ಕೆಟ್ರೆ ನಾನು ನಾಲ್ಕು ಪೌಂಡು ದಪ್ಪ ಆಗ್ತೀನಿ."

ಯೂನಿಸ್ ನಿನಗೆ ಗೊತ್ತಲ್ಲ, ಈ ಕರಾವಳಿಯ ಏಳು ಹಳ್ಳಿ ಸುತ್ತುವವಳು, ಸುತ್ತುಬಳಸಿ ಮಾತಾಡುವವಳಲ್ಲ. ಹೇಗೆ ತೂಗುತ್ತೀರಿ ತೋರಿಸಿ ಅಂದಳು. ತೋರಿಸಿದೆವು. ಅಮ್ಮ ಉಣ್ಣೆ ಕೋಟು, ಚಪ್ಪಲಿ ಸಮೇತ ಹತ್ತಿದರು. ಯೂನಿಸ್ ಮೊದಲು ಮ್ಯಾಟನ್ನು ಎಳೆದು ಬಿಸಾಡಿದಳು. ಮೆತ್ತನೆಯದರ ಮೇಲೆ ಇಟ್ಟರೆ ಯಾವ ಯಂತ್ರವೂ ಸರಿಯಾಗಿ ಹೇಳುವುದಿಲ್ಲವಂತೆ. ಬಚ್ಚಲುಮನೆಯ ನೆಲವೂ ಒಂದು ಕಡೆ ಇಳಿಜಾರಾಗಿತ್ತು. ಯಂತ್ರವನ್ನು ಅಡುಗೆಮನೆಗೆ ತಂದು ಒಲೆಯ ಮುಂದೆ, ಗಟ್ಟಿ ಹಲಗೆಯ ಸಮನೆಲದ ಮೇಲೆ ಇಟ್ಟಳು. ಆಮೇಲೆ ನನ್ನನ್ನು ಹತ್ತಿಸಿದಳು, ಎರಡು ದೊಡ್ಡ ಮಗ್ಗು ಚಹಾ ಕುಡಿಸಿದಳು, ಮತ್ತೆ ಹತ್ತಿಸಿದಳು. ಒಂದೂವರೆ ಪೌಂಡು ಜಾಸ್ತಿ. "ಇಷ್ಟು ಬೇಗ ದಪ್ಪ ಆದ್ಯಾ? ಅದು ಚಹಾ ಕಣೆ, ಮೇವಿಸ್. ಒಳಗೆ ಹೋದದ್ದು ಹೊರಗೆ ಬರೋವರೆಗೂ ತೂಗತ್ತೆ." ಊಟ, ನೀರು, ಬಟ್ಟೆ, ಹೊಟ್ಟೆ ಕಟ್ಟಿದ್ದು ಎಲ್ಲ ಸೇರಿ ಆರೋಗ್ಯವಂತರದ್ದೂ ಬೆಳಿಗ್ಗೆಯಿಂದ ಸಂಜೆಗೆ ಮೂರು ನಾಲ್ಕು ಪೌಂಡು ಓಲಾಡುತ್ತದೆ, ನೀವಿಬ್ಬರೂ ಒಂದು ದಿನದ ಊಟಕ್ಕೂ ಇನ್ನೊಂದು ದಿನದ ಹಸಿವಿಗೂ ಹೋಲಿಸಿ ಜಗಳವಾಡುತ್ತಿದ್ದೀರಿ ಅಂದಳು. ದಿನಾ ಒಂದೇ ಹೊತ್ತು, ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು. ಒಂದೇ ಉಡುಪು, ಬರಿಗಾಲು. ಹತ್ತುವ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯೇ ನೋಡುವುದು. ನಡುವೆ ನಿಂತು ಅಲುಗಾಡದೆ ಓದುವುದು, ಅಲ್ಲೇ ಬರೆಯುವುದು. ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ, ಸಾಲಾಗಿ ಎತ್ತ ಹೋಗುತ್ತಿದೆ ನೋಡಿ ಎಂದು ಹೇಳಿ ಹೋದಳು. ಆ ಸಂಜೆ ನಾನು ಅಮ್ಮನಿಗೆ ದಾರದ ವಿಷಯ ಹೇಳಿ ಕ್ಷಮೆ ಕೇಳಿದೆ. "ನೀನು ಅಂಟಿಸಿದ ದಿನವೇ ನೋಡಿದ್ದೆ" ಅಂದರು.

ಆಮೇಲೆ ಸಂಸಾರ ನೆಟ್ಟಗಾಯಿತು. ನೂರ ಮೂವತ್ತೆಂಟು, ಮೂವತ್ತೆಂಟೂವರೆ, ಮೂವತ್ತೇಳೂವರೆ. ಸೆಪ್ಟೆಂಬರ್ ಪೂರ್ತಿ ಹಾಗೇ. ಅಕ್ಟೋಬರ್ ಶುರುವಾದ ಮೇಲೆ ಅಂಕಿ ಇನ್ನೂ ಶಿಸ್ತಾಯಿತು. ನೂರ ಮೂವತ್ತೆಂಟು, ನೂರ ಮೂವತ್ತೆಂಟು, ನೂರ ಮೂವತ್ತೆಂಟು. ಎಂಟು ದಿನ ಅರ್ಧ ಪೌಂಡೂ ಆಚೀಚೆಯಿಲ್ಲ. ಮೊದಮೊದಲು ಅದನ್ನು ನಂಬಿಯೇ ನಿನಗೆ ಆ ಎರಡು ಪತ್ರ ಬರೆದೆ. ನನ್ನದು ಆ ಎಂಟು ದಿನದಲ್ಲಿ ಎಷ್ಟು ಸಲ ಓಲಾಡಿತ್ತು! ಇಲ್ಲಿಂದ ನನಗೆ ಮತ್ತೆ ಒಳಗೊಳಗೇ ಕೊರೆಯತೊಡಗಿತು. ಏಕೆಂದರೆ ಅಮ್ಮನ ಕಾಲುಚೀಲ ಬಿಚ್ಚಿದರೆ ಕಣಕಾಲಿನ ಸುತ್ತ ಆಳವಾದ ಗುರುತು. ಚರ್ಚಿಗೆ ಹೋಗುವ ಶೂ ಕಾಲಿಗೆ ಹತ್ತಲಿಲ್ಲ, ಶೂವಿನ ಚರ್ಮ ಕುಗ್ಗಿದೆ ಅಂದರು. ಮಧ್ಯಾಹ್ನ ಮಲಗುವುದು ಬಿಟ್ಟು ಕುರ್ಚಿಯಲ್ಲೇ ಮೂರು ದಿಂಬು ಒರಗಿಸಿಕೊಂಡು ತೂಕಡಿಸತೊಡಗಿದರು, ಕಿಟಕಿಯಿಂದ ಬಂದರು ಕಾಣುತ್ತದೆ ಅಂದರು. ಪ್ರತಿಯೊಂದಕ್ಕೂ ಒಂದು ಉತ್ತರ. ಕಾಗದ ಮಾತ್ರ ನೂರ ಮೂವತ್ತೆಂಟು ಅನ್ನುತ್ತಿತ್ತು.

ಮೊದಲು ಯಂತ್ರವನ್ನೇ ಅನುಮಾನಿಸಿದೆ. ಸ್ಪ್ರಿಂಗು ಸೋತಿರಬೇಕು ಎಂದು, ಇನ್ನೂ ಬಿಚ್ಚದ ಇಪ್ಪತ್ತೆರಡು ಪೌಂಡಿನ ಹಿಟ್ಟಿನ ಚೀಲ ತಂದು ಅದರ ಮೇಲಿಟ್ಟೆ. ಸರಿಯಾಗಿ ಇಪ್ಪತ್ತೆರಡು. ಇನ್ನೊಮ್ಮೆ ಇಟ್ಟೆ, ಅಷ್ಟೇ. ಚೀಲವನ್ನು ಅವುಚಿಕೊಂಡು ನಾನೇ ಹತ್ತಿದೆ, ಅದೂ ಕೂಡಿ ಬಂತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಇನ್ನು ಉಳಿದವರು ನಾವಿಬ್ಬರೇ, ಮತ್ತು ಬರೆಯುವವಳು ನಾನು.

ಅಕ್ಟೋಬರ್ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಮ್ಮ ಉದ್ದ ನಿಲುವಂಗಿಯಲ್ಲಿ ಒಲೆಗೆ ಬೆನ್ನು ಹಾಕಿ ಯಂತ್ರದ ಮೇಲೆ ನಿಂತಿದ್ದರು. ನಾನು ಎಂದಿನಂತೆ ಮುಂದೆ ಬಗ್ಗಿ ಮುಳ್ಳು ನೋಡುತ್ತಿದ್ದೆ. ಅದು ನಡುಗುತ್ತ ನಡುಗುತ್ತ ನೂರ ಮೂವತ್ತೆಂಟಕ್ಕೆ ಬಂದು ನಿಂತಿತು. ಬರೆಯಲು ಪೆನ್ಸಿಲ್ಲಿಗೆ ತಿರುಗಿದಾಗ ಪಕ್ಕದ ಕಿಟಕಿಯ ಕಪ್ಪು ಗಾಜಿನಲ್ಲಿ ಇಡೀ ಅಡುಗೆಮನೆ ಕಂಡಿತು. ಅಮ್ಮನ ಬಲಗೈ ಬೆನ್ನ ಹಿಂದೆ, ಒಲೆಯ ಮುಂದೆ ಟವೆಲ್ಲು ಒಣಹಾಕುವ ಕಂಬಿಯ ಮೇಲಿತ್ತು. ಅಂಗೈ ಊರಿ ಒತ್ತಿದ್ದರು. ಅವರ ಕಣ್ಣು ಮುಳ್ಳಿನ ಮೇಲೆಯೇ ಇತ್ತು, ಹೆಡ್ಲಿ. ಮುಳ್ಳು ಎಲ್ಲಿ ನಿಲ್ಲಬೇಕೋ ಅಷ್ಟು ಒತ್ತುತ್ತಿದ್ದರು.

"ಅಮ್ಮಾ, ಎರಡೂ ಕೈ ಮುಂದೆ ತನ್ನಿ" ಅಂದೆ.

"ಚಳಿ ಕಣೆ. ಕಂಬಿ ಬೆಚ್ಚಗಿದೆ."

"ಮುಂದೆ ತನ್ನಿ."

ತಂದರು. ಮುಳ್ಳು ಏರಿತು. ನೂರ ನಲವತ್ತು ದಾಟಿತು, ನಲವತ್ತೈದು ದಾಟಿತು, ನೂರ ನಲವತ್ತೇಳಕ್ಕೆ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಮ್ಮ ನಿಧಾನವಾಗಿ ಇಳಿದು ಕುರ್ಚಿಯಲ್ಲಿ ಕೂತರು. ಆ ನಾಲ್ಕು ಹೆಜ್ಜೆಗೇ ಏದುಸಿರು. ಉಸಿರು ಸಿಕ್ಕ ಮೇಲೆ ಹೇಳಿದರು: "ಹೋಗೋ ದಿನ ಹೆಡ್ಲಿ ನನಗೆ ಹೇಳಿದ್ದ. ಮತ್ತೆ ತೂಕ ಏರಿದ್ರೆ ಹಡಗು ಬಿಟ್ಟು ಬಂದ್ಬಿಡ್ತೀನಿ ಅಂತ. ಹನ್ನೆರಡು ವರ್ಷ ಡೆಕ್ಕು ತೊಳೆದು ಈಗ ಅವನ ಕೈಗೆ ಚುಕ್ಕಾಣಿ ಕೊಟ್ಟಿದ್ದಾರೆ. ಒಂಬತ್ತು ಪೌಂಡು ನೀರಿಗೋಸ್ಕರ ಅವನು ಅದನ್ನ ಬಿಡೋದಾ?"

ಅವರು ಕಾಗದದ ಮೇಲೆ ಇಳಿಸಿದ ಆ ಒಂಬತ್ತು ಪೌಂಡು ನೀರು ಎದೆಯೊಳಗೆ ತುಂಬುತ್ತಿತ್ತು. ಯೂನಿಸ್ ಒಂದು ಗಂಟೆಯಲ್ಲಿ ಬಂದಳು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದಳು, ನೇರ ಹೋಗಿ ಅಮ್ಮನ ಕೋಟು ತಂದಳು. ಆಸ್ಪತ್ರೆಯಲ್ಲಿ ಆರು ದಿನ. ಸೂಜಿ ಮದ್ದು ಕೊಟ್ಟು ನೀರು ಇಳಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಈಗ ಮನೆಯಲ್ಲಿದ್ದಾರೆ, ಇವತ್ತು ಬೆಳಿಗ್ಗೆ ನೂರ ಮೂವತ್ತೇಳು. ಯಂತ್ರ ಅಡುಗೆಮನೆಯ ನಟ್ಟನಡುವೆ ಇದೆ, ಕೈಗೆ ಏನೂ ಸಿಗದ ಹಾಗೆ. ಅಮ್ಮ ಚರ್ಚಿನಲ್ಲಿ ನಿಂತಂತೆ ಕೈಕಟ್ಟಿ ನಿಲ್ಲುತ್ತಾರೆ. ನಾನು ಅಂಕಿ ಬರೆದ ಮೇಲೂ ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಗುಳಿ ಬೀಳುತ್ತದೆಯೇ ನೋಡುತ್ತೇನೆ. ಅವರು ಕನ್ನಡಕ ಹಾಕಿಕೊಂಡು, ಕಂಡ ಅಂಕಿಯನ್ನೇ ಬರೆದಿದ್ದೇನೆಯೇ ಎಂದು ಕಾಗದ ನೋಡುತ್ತಾರೆ. ಪೂರ್ತಿ ನಂಬುವುದು ನಮ್ಮಿಬ್ಬರಿಗೂ ಇನ್ನು ಆಗದು. ಆದರೆ ಈ ಅನುಮಾನದಲ್ಲಿ ಮೊದಲಿನ ಕಹಿ ಇಲ್ಲ. ನಿಜ ಹೇಳಬೇಕೆಂದರೆ ನೀನು ಪ್ರತಿ ಪತ್ರದಲ್ಲೂ 'ನಾನು ಚೆನ್ನಾಗಿದ್ದೇನೆ' ಎಂದು ಬರೆಯುವುದರ ಮೇಲೂ ನನಗೀಗ ಅನುಮಾನ. ನೀನು ಅವರ ಮಗನಲ್ಲವೇ?

ಅಮ್ಮ ನಿನ್ನನ್ನು ದಿನಾ ಪ್ರಾರ್ಥನೆಯಲ್ಲಿ ನೆನೆಯುತ್ತಾರೆ, ಬೆಚ್ಚಗಿನ ಬನಿಯನ್ನು ಹಾಕಿಕೋ ಅಂದಿದ್ದಾರೆ. ಸರೋವರಗಳ ಗಾಳಿ ನಿನ್ನ ಮೇಲೆ ಕರುಣೆಯಿಡಲಿ.

ಎಂದೂ ನಿನ್ನವಳೇ ಆದ,
ಮೇವಿಸ್

ತಾ.ಕ.: ಪಕ್ಕದ ಮನೆಯವರು ಪೇಟೆಗೆ ಹೊರಟಿದ್ದಾರೆ, ಈ ಕಾಗದ ಅವರ ಕೈಗೇ ಕೊಡಬೇಕು, ಅದಕ್ಕೆ ಬೇಗ ಬರೆಯುತ್ತಿದ್ದೇನೆ. ಇದನ್ನೆಲ್ಲ ನಿನಗೆ ತಿಳಿಸುವುದಿಲ್ಲವೆಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದರು, ನಾನು ಮುರಿದಿದ್ದೇನೆ. ನಿನಗೆ ಏನೂ ಗೊತ್ತಿಲ್ಲದ ಹಾಗೆ ಅಮ್ಮನ ಹೆಸರಿಗೇ ಬೇರೆ ಕಾಗದ ಬರೆ: ತೂಕ ಎಷ್ಟೇ ಬರಲಿ, ಹಡಗು ಬಿಡುವುದಿಲ್ಲ ಅಂತ. ಫೋನಿನಲ್ಲಿ ಹೇಳಬೇಡ, ನಿನ್ನ ದನಿಯಲ್ಲಿ ಸುಳ್ಳು ಗೊತ್ತಾಗುತ್ತದೆ. ಆದರೆ ಡಿಸೆಂಬರ್‌ನಲ್ಲಿ ನೀರು ಹೆಪ್ಪುಗಟ್ಟಿ ಹಡಗು ದಡ ಸೇರಿದ ದಿನವೇ ಹೊರಟು ಬಾ, ನಿಂತ ಹಡಗು ಕಾಯುವ ಚಳಿಗಾಲದ ಕೆಲಸಕ್ಕೆ ಹೆಸರು ಕೊಡಬೇಡ. ಅಮ್ಮನಿಗೆ ಇನ್ನೆಷ್ಟು ಚಳಿಗಾಲ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತ ಕೂತರು, ಹೆಡ್ಲಿ, ಅವು ಆಗಲೇ ಜೋಡಿಸಿಯೇ ಇದ್ದವು.