ಪಾವೆಲ್ ಇವಾನೊವಿಚ್ ಬೈದದ್ದು

೧-೧೨-೧೯೬೬, ಗುರುವಾರ, ಬೆಳಗ್ಗೆ ೬.೩೦

ಇವತ್ತೂ ಅದೇ. ಅಪ್ಪ ಲಿಂಗಪೂಜೆ ಮುಗಿಸಿ ನೇರ ನನ್ನ ನೋಟ್‌ಬುಕ್ ಹಿಡಿದು ಕೂತರು. ಅವರು ಕನ್ನಡದ ಪದ ಓದುವುದು, ನಾನು ರಷ್ಯನ್ ಹೇಳುವುದು. ಸರಿಯೋ ತಪ್ಪೋ ಅವರಿಗೇನು ಗೊತ್ತು! ತಡವರಿಸಿದರೆ ತಪ್ಪು ಅಂತ ತೀರ್ಮಾನ. ಹೀಗೇ ನನ್ನ ಕೈಲಿ ಯೂನಿವರ್ಸಿಟಿಯ ರಷ್ಯನ್ ಡಿಪ್ಲೊಮಾ ಮಾಡಿಸಿದರು. ಈಗ ಬೋಲ್ಟು, ಬೇರಿಂಗು, ಸಿಮೆಂಟು. ಕ್ಲಾಸಿನಲ್ಲಿ ಇದೊಂದೂ ಬಂದಿರಲಿಲ್ಲ. ಹಿಮ, ಕಾಡು, ಅಜ್ಜಿಯ ಮನೆ—ಅಷ್ಟೇ.

ಆ ಕ್ಲಾಸಿನಲ್ಲಿ ನಾವಿದ್ದವರು ಮೂವರು. ಚೂಡಾಮಣಿಗೆ ಲೈಬ್ರರಿಯಲ್ಲಿ ಕೆಲಸ. ರಷ್ಯನ್ ವಿಜ್ಞಾನ ಪತ್ರಿಕೆಗಳ ಸಾರಾಂಶ ಇಂಗ್ಲಿಷಿನಲ್ಲಿ ಬರೆಯಬೇಕು. ಸೀನು ರಷ್ಯದವರು ಕಟ್ಟಿಸಿದ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಹೋದ. ನಾನು ಬನಶಂಕರಿ ಆಚೆಯ ಪಂಪ್ ಫ್ಯಾಕ್ಟರಿಯಲ್ಲಿ ದುಭಾಷಿ. ಒಂದು ತಿಂಗಳು ನೋಡುತ್ತಾರಂತೆ. ಆಮೇಲೆ ಕಾಯಂ, ಇಲ್ಲವೇ ಮನೆ.

ಸೋದರತ್ತೆ ಮೊನ್ನೆ ಬಂದಾಗ, "ರಷ್ಯನ್ ಓದಿದೋಳನ್ನ ಯಾರೋ ಮದ್ವೆ ಆಗ್ತಾರೆ?" ಅಂದಳು. ಅಪ್ಪ, "ಆಗ್ದಿದ್ರೆ ನನ್ ಹತ್ರಾನೇ ಇರ್ತಾಳೆ ಬಿಡಕ್ಕ" ಅಂದರು. ಎಂಥ ಅಪ್ಪ ನನಗೆ!

೬-೧೨

ಮೇಸ್ತ್ರಿ ತಿಮ್ಮರಾಯಪ್ಪನವರು ಫ್ಯಾಕ್ಟರಿಗೆಲ್ಲ ಹಿರಿಯರು. ಷೆಡ್ಡು ನಿಂತಿರುವುದೇ ಅವರ ರಾಗಿ ಹೊಲದಲ್ಲಿ. "ಹೊಲ ಹೋಯ್ತು, ನಾನು ಹೋಗ್ಲಿಲ್ಲ" ಅಂತ ನಗುತ್ತಾರೆ. ಮಧ್ಯಾಹ್ನ "ಅಮ್ಮಣ್ಣಿ, ಉಂಡ್ಯಾ?" ಅಂತ ಕೇಳದೆ ಅವರು ಮುದ್ದೆ ಮುರಿಯುವುದಿಲ್ಲ.

ರಷ್ಯನ್ ಎಂಜಿನಿಯರ್ ಪಾವೆಲ್ ಇವಾನೊವಿಚ್. ಆನೆಯಂಥ ಆಳು, ಡಿಸೆಂಬರಿನಲ್ಲೂ ಬೆವರುತ್ತಾನೆ. ಇಂಗ್ಲಿಷ್ ಬಾರದು. ಅವನಿಗೂ ನಮಗೂ ನಡುವೆ ನಾನೊಬ್ಬಳೇ.

೯-೧೨, ಶುಕ್ರವಾರ

ಕೆಟ್ಟ ದಿನ. ಹೊಸ ಯಂತ್ರ ಕೂರಿಸುವ ಕಾಂಕ್ರೀಟ್ ಪಾಯ ನೋಡಿ ಪಾವೆಲ್ ಇವಾನೊವಿಚ್ ಕೂಗಾಡಿದ. "ಪಾಯ ಸೊಟ್ಟ. ಪೂರ್ತಿ ಒಡೆದು ಮತ್ತೆ ಕಟ್ಟಬೇಕು. ಇದನ್ನು ಕಟ್ಟಿದವನು ದನದ ಕೊಟ್ಟಿಗೆ ಕಟ್ಟುವುದಕ್ಕೂ ಲಾಯಕ್ಕಿಲ್ಲ!"

ತಿಮ್ಮರಾಯಪ್ಪನವರು ನನ್ನ ಮುಖ ನೋಡಿದರು. "ಏನಂತಾನೆ ಅಮ್ಮಣ್ಣಿ?"

ಅಪ್ಪನಿಗಿಂತ ದೊಡ್ಡವರು. ಹುಡುಗರೆಲ್ಲ ಸುತ್ತ ನಿಂತಿದ್ದಾರೆ. ಅಂಥವರಿಗೆ ಆ ಮಾತು ಹೇಳುವುದು ಹೇಗೆ? "ಸ್ವಲ್ಪ ವಾಲಿದೆಯಂತೆ ಸಾರ್. ನೋಡ್ಕೋಬೇಕಂತೆ" ಅಂದೆ.

"ಅಷ್ಟೇನಾ? ಯಂತ್ರದ ಅಡೀಗೆ ತಗಡು ಕೊಟ್ಟು ಸಮ ಮಾಡಿದ್ರಾಯ್ತು" ಅಂದರು.

ಸುಮ್ಮನಾದೆ. ಒಳ್ಳೆಯದನ್ನೇ ಮಾಡಿದೆ... ಅಲ್ಲವೇ?

೧೪-೧೨, ಸಂಜೆ ೭

ಅಲ್ಲ. ಪಾವೆಲ್ ಇವಾನೊವಿಚ್ ನಾಲ್ಕು ದಿನ ಊರಲ್ಲಿರಲಿಲ್ಲ; ಇವತ್ತು ಅವನು ಬರುವ ಮೊದಲೇ ಯಂತ್ರ ಓಡಿಸಿದರು. ಗಡಗಡ ನಡುಗಿತು. ಬೋಲ್ಟೊಂದು ಸಿಡಿದು ತಿಮ್ಮರಾಯಪ್ಪನವರ ಕಿವಿಯ ಪಕ್ಕದಲ್ಲೇ ಹೋಯಿತು. ಒಂದು ಗೇಣು ಈಚೆ ಬಂದಿದ್ದರೆ...

ಪಾವೆಲ್ ಇವಾನೊವಿಚ್ ಬಂದವನೇ ತಿಮ್ಮರಾಯಪ್ಪನವರನ್ನು ಹಿಡಿದು ಬೈದ—ಒಡೆಯಲು ಹೇಳಿದೆ, ಯಾಕೆ ಒಡೆಯಲಿಲ್ಲ? ಅವರಿಗೆ ಒಂದೂ ಅರ್ಥವಾಗದೆ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೈಗುಳ ಅವರಿಗೆ ಹೋಗುತ್ತಿತ್ತು, ಕೆಲಸ ನನಗೆ ಉಳಿಯುತ್ತಿತ್ತು.

ಆಗಲಿಲ್ಲ. ಮೊದಲು ಕನ್ನಡದಲ್ಲಿ ಹೇಳಿದೆ, ಆಮೇಲೆ ರಷ್ಯನ್‌ನಲ್ಲಿ: ತಪ್ಪು ನನ್ನದು, ಒಡೆಯಬೇಕೆಂಬ ಮಾತನ್ನು ನಾನು ದಾಟಿಸಲಿಲ್ಲ. ಅವನು ಟೋಪಿ ನೆಲಕ್ಕೆ ಬಡಿದು ಹೊರಟೇ ಹೋದ. ತಿಮ್ಮರಾಯಪ್ಪನವರು ಆ ಟೋಪಿ ಎತ್ತಿಟ್ಟು ಷೆಡ್ಡಿನಿಂದಾಚೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರ್ ಗೌರೀಶಂಕರ ಅವರು, "ಪಾಯ ಒಡೆದು ಕಟ್ಟೋವರ್ಗೂ ಇರಮ್ಮ. ೩೧ಕ್ಕೆ ತೀರ್ಮಾನ" ಅಂದರು.

೧೮-೧೨, ಭಾನುವಾರ

ಮೂರು ದಿನ ಬರೆಯಲಿಲ್ಲ. ತಿಮ್ಮರಾಯಪ್ಪನವರು ಮಧ್ಯಾಹ್ನ "ಉಂಡ್ಯಾ" ಅಂತ ಕೇಳುವುದನ್ನೂ ಬಿಟ್ಟಿದ್ದರು.

ಇವತ್ತು ಸೊಗಡಿನ ಅವರೆಕಾಯಿ ಚೀಲ ಹೊತ್ತು ಹನುಮಂತನಗರದ ನಮ್ಮ ಮನೆಗೇ ಬಂದರು! ಅಪ್ಪ ಚಾಪೆ ಹಾಸಿದರು. ಕೂತವರೇ, "ಅವತ್ತು ಅವ್ನು ಅಂದಿದ್ದು ಪೂರ್ತಿ ಹೇಳು. ಒಂದು ಮಾತೂ ಬಿಡ್ಬೇಡ" ಅಂದರು.

ಅಪ್ಪನ ಎದುರಿಗೇ ಹೇಳಿದೆ. ದನದ ಕೊಟ್ಟಿಗೆಯನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂತು, ನನಗೆ. ತಿಮ್ಮರಾಯಪ್ಪನವರು ಚೀಲದಿಂದ ಅವರೆಕಾಯಿ ತೆಗೆದು ಸುಲಿಯತೊಡಗಿದರು.

"ಬೈದಿದ್ದು ಸರಿಯಾಗೇ ಐತೆ. ಪಾಯ ಸೊಟ್ಟಗಿತ್ತು, ನಂಗೂ ಗೊತ್ತಿತ್ತು. ನೀನು ನನ್ನ ಮರ್ಯಾದೆ ಕಾಯಕ್ಕೋದೆ ತಾಯಿ, ತಲೆ ಹೋಗ್ತಿತ್ತು. ಇನ್ಮೇಲೆ ಅವ್ನು ಬೈದ್ರೆ ನೀನೂ ಬೈದ್ಬಿಡು."

ಅಪ್ಪ ನಕ್ಕುಬಿಟ್ಟರು. ಹೋಗುವಾಗ ತಿಮ್ಮರಾಯಪ್ಪನವರು ಬಾಗಿಲಲ್ಲಿ ತಿರುಗಿ ಕೇಳಿದರು—"ಉಂಡ್ಯಾ?"

೩೧-೧೨, ಶನಿವಾರ, ಸಂಜೆ ೬

ಹೊಸ ಪಾಯದ ಮೇಲೆ ಯಂತ್ರ ಅಲುಗಾಡದೆ ಓಡಿತು. ಮಧ್ಯಾಹ್ನ ಮ್ಯಾನೇಜರ್ ಕೋಣೆಗೆ ಕರೆ. ಪಾವೆಲ್ ಇವಾನೊವಿಚ್ ಇದ್ದ, ತಿಮ್ಮರಾಯಪ್ಪನವರೂ. ಮ್ಯಾನೇಜರ್ ನನ್ನ ಕಡೆ ನೋಡದೆ ಹೇಳಿದರು, "ಈ ಹುಡುಗೀನ ಇಟ್ಕೊಳ್ಳೋದಾ ಬೇಡ್ವಾ, ಅವರನ್ನ ಕೇಳಮ್ಮ."

ಬೇರೆ ದುಭಾಷಿ ಎಲ್ಲಿದ್ದಾರೆ? ನಾನೇ ಕೇಳಬೇಕು, ನಾನೇ ಹೇಳಬೇಕು. ಕೇಳಿದೆ.

ಅವನು ತುಂಬಾ ಹೊತ್ತು ಮಾತಾಡಿದ. ಒಂದೊಂದೇ ದಾಟಿಸಿದೆ. ತಪ್ಪು ಇವಳದೇ. ಕೆಲಸ ಎರಡು ವಾರ ಹಿಂದೆ ಬಿತ್ತು. ಒಬ್ಬ ಮನುಷ್ಯ ಸಾಯುತ್ತಿದ್ದ. ತಂತ್ರಜ್ಞಾನದ ಪದಗಳು ಇವಳಿಗೆ ಅರ್ಧ ಗೊತ್ತಿಲ್ಲ. ಮ್ಯಾನೇಜರ್ ಮುಖ ಗಟ್ಟಿಯಾಗುತ್ತಾ ಬಂತು. ನನ್ನ ದನಿ ಒಂದು ಕಡೆಯೂ ತಗ್ಗಲಿಲ್ಲ.

ಆಮೇಲೆ ಅವನು ಇನ್ನೂ ಎರಡು ಮಾತು ಹೇಳಿದ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ತನ್ನ ಬಗ್ಗೆ ತಾನೇ ಹೀಗೆಲ್ಲ ಹೇಳಿಕೊಳ್ಳುವುದುಂಟೇ! ಸ್ವಲ್ಪ ಕಮ್ಮಿ ಮಾಡಿ, "ಪರವಾಗಿಲ್ಲ ಅಂತಾರೆ" ಅನ್ನೋಣವೆಂದುಕೊಂಡೆ.

"ಏನೋ ನುಂಗ್ತಾವ್ಳೆ ಸಾರ್" ಅಂದರು ತಿಮ್ಮರಾಯಪ್ಪನವರು. "ಪೂರ್ತಿ ಹೇಳಮ್ಮ."

ನೆಲ ನೋಡುತ್ತಾ ಹೇಳಿದೆ. "ತನ್ನ ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಂಡವಳನ್ನು ನಾನು ಎಲ್ಲೂ ನೋಡಿಲ್ಲ. ಇವಳಿಲ್ಲದೆ ನಾಳೆಯಿಂದ ಈ ಷೆಡ್ಡಿಗೆ ಕಾಲಿಡುವುದಿಲ್ಲ."

ಕಾಯಂ!

ಅಪ್ಪ ಅಂಗಡಿಯಿಂದ ಬಂದರು. ಇನ್ನೂ ಚಪ್ಪಲಿ ಬಿಟ್ಟಿಲ್ಲ, "ಏನಂದ್ರಮ್ಮಾ?" ಅಂತ ಕೇಳುತ್ತಿದ್ದಾರೆ. ಬೈದದ್ದೂ ಸೇರಿಸಿ ಎಲ್ಲ ಹೇಳಬೇಕು. ಮೊದಲು ಅವರನ್ನು ಕೂರಿಸಿ—