ಗಾಳಿ ಹೊಗದ ಪೆಟ್ಟಿಗೆ

ಫೆಬ್ರವರಿ ೧೯, ಗುರುವಾರ

ಪ್ರೀತಿಯ ಗೊರಕೆರಾಯರಿಗೆ,

ಆರೋಗ್ಯ ತಾನೇ? ನಿಮ್ಮ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಷ್ಕರ ಹೂಡುತ್ತಿತ್ತು, ಕೋಪ ಬೇಡ. "ಚಿಕ್ಕ ಕೋಣೆ ಖಾಲಿ ಮಾಡಿ ಇಲ್ಲಿಗೇ ಬಂದುಬಿಡು" ಎಂದಿದ್ದೀರಿ. ಮಗಳ ಕೋಣೆ, ಗುಬ್ಬಿಯ ಕೋಣೆ ಎಂದು ಬರೆಯಲು ನಿಮಗೂ ಕೈ ಬರಲಿಲ್ಲ, ಅಲ್ಲವೇ?

ಮೊದಲು ಸುದ್ದಿ. ನಮ್ಮ ಲ್ಯಾಬಿನ ಅತಿವಾಹಕದ ಚೂರು ಕೊನೆಗೂ ಮಾತು ಕೇಳಿತು. ಕೆಲವೇ ಪರಮಾಣುಗಳಷ್ಟು ತೆಳ್ಳಗಿನ ಆ ಹರಳಿನಲ್ಲಿ, ತಂಪಾಗಿದ್ದಷ್ಟು ಹೊತ್ತು, ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಬೆಚ್ಚಗಾದರೆ ಒಳಗಿನ ಆಮ್ಲಜನಕ ಹಾರಿಹೋಗಿ ಆ ಗುಣವೇ ಸತ್ತುಹೋಗುತ್ತದೆ. ಅದಕ್ಕೇ ಗಾಳಿ ಹೊಗದ ಗಾಜಿನ ಪೆಟ್ಟಿಗೆಯಲ್ಲಿ, ಮಂಜಿನಂತೆ ಕೊರೆಯುವ ತಟ್ಟೆಯ ಮೇಲೆ, ದಪ್ಪ ಕೈಗವಸಿನಲ್ಲಿ ನಮ್ಮ ಕೆಲಸ. ಈಗ ಕೂದಲೆಳೆಗಿಂತ ಸಣ್ಣ ಬೆಳಕಿನ ಮೊನೆಯಿಂದ ಬೇಕಾದ ಜಾಗವನ್ನಷ್ಟೇ ಬೆಚ್ಚಗೆ ಮಾಡಿದೆವು. ಅಲ್ಲಿ ಮಾತ್ರ ಆ ಗುಣ ಹೋಯಿತು, ಸುತ್ತಲೂ ಹರಿವು ಹಾಗೇ ಇತ್ತು. ಪರದೆಯ ಮೇಲೆ ನೀಲಿ ಕೊಳ, ನಡುವೆ ಪುಟ್ಟ ದ್ವೀಪ. ನೋಡುತ್ತಾ ನೋಡುತ್ತಾ ನಾನೆಲ್ಲಿದ್ದೇನೆಂಬುದೇ ಮರೆತುಹೋಯಿತು.

"ಏನ್ ಮೇಡಂ, ಕಣ್ಣು ಬಿಟ್ಕೊಂಡೇ ನಿದ್ದೆನಾ?" ಎಂದರು ಪೆಟ್ಟಿಗೆಯ ಗಾಳಿ ಎಳೆಯುವ ಪಂಪು ನೋಡಲು ಬಂದಿದ್ದ ಮೆಕ್ಯಾನಿಕ್.

"ನಿದ್ದೆ ಎಲ್ಲಿ ಬಂತು, ಬರೀ ಕನಸು" ಎಂದೆ.

ನಿಜವಾಗಿಯೂ ಕನಸೇ. ಆ ಕೊಳದಲ್ಲಿ ನಮ್ಮ ಮನೆ ಕಂಡಿತು. ಗುಬ್ಬಿ ಹೋದ ಮೇಲೆ ನಾವು ಆ ದ್ವೀಪದಂಥ ಒಂದು ಕೋಣೆಯನ್ನಲ್ಲ, ಇಡೀ ಮನೆಯನ್ನೇ ನಂದಿಸಿಬಿಟ್ಟೆವು. ನೀವು ಊರು ಬಿಟ್ಟಿರಿ, ನಾನು ಲ್ಯಾಬು ಹಿಡಿದೆ. ನಿಮ್ಮ ಗೊರಕೆಯಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ನಾಲ್ಕು ಜನರೆದುರು ಹೇಳಿ ನನ್ನ ಮಾನ ಕಳೆಯಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿಮ್ಮ
ಜಗಳಗಂಟಿ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಗುಬ್ಬಿಯ ಹಳದಿ ಉಣ್ಣೆ ಟೋಪಿಗಾಗಿ ನೀವು ಮನೆಯೆಲ್ಲ ಜಾಲಾಡಿದ್ದಿರಲ್ಲ, ಅದು ನನ್ನ ಹತ್ತಿರವೇ ಇತ್ತು. ಅವಳ ತಲೆಯ ವಾಸನೆ ಹಾರಿಹೋಗಬಾರದೆಂದು ಲ್ಯಾಬಿಗೆ ಒಯ್ದು, ಆ ಗಾಜಿನ ಪೆಟ್ಟಿಗೆಯೊಳಗೇ ಚೀಲಕ್ಕೆ ಹಾಕಿ ಮುಚ್ಚಿ, ತಂದು ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಇಟ್ಟಿದ್ದೆ. ನಿನ್ನೆ ಧೈರ್ಯ ಮಾಡಿ ಬಿಚ್ಚಿದೆ. ಏನೂ ಇಲ್ಲ. ಪೆಟ್ಟಿಗೆಯೊಳಗೆ ಏನೇ ಹೋಗಲಿ, ಮೊದಲು ಪಕ್ಕದ ಗೂಡಿನಲ್ಲಿಟ್ಟು ಅದರ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು ನಮ್ಮ ಪದ್ಧತಿ. ಕೈ ತನ್ನ ಪಾಡಿಗೆ ಟೋಪಿಗೂ ಹಾಗೇ ಮಾಡಿತ್ತು, ಗಾಳಿಯ ಜೊತೆ ವಾಸನೆಯೂ ಅಂದೇ ಹೋಗಿತ್ತು. ಇಷ್ಟು ದಿನ ನಾನು ಕಾಪಾಡಿದ್ದು ಬರೀ ಉಣ್ಣೆ.

ಅವಳ ದಿಂಬು ಇನ್ನೂ ಚಿಕ್ಕ ಕೋಣೆಯಲ್ಲಿದೆ. ನಾನು ಮುಟ್ಟಿಲ್ಲ. ನೀವು ಬನ್ನಿ, ಬಾಗಿಲು ಒಟ್ಟಿಗೆ ತೆಗೆಯೋಣ.