ಕೊಲ್ಹಾರದ ಬ್ರಿಜ್ ಮ್ಯಾಲ ಬಸ್ ನಿಂತದ್ದು

ಅವ್ವಾ,

ನೀ ಹೋಗಿ ವರ್ಷಾತು. ಈ ಪತ್ರ ಯಾವ ವಿಳಾಸಕ್ಕ ಹಾಕಲಿ? ಆದ್ರ ಇವತ್ತಿನ ಸಿಟ್ಟು ನನಗ ತಡಕೊಳ್ಳಾಕ ಆಗವಲ್ದು. ನಮ್ಮ ಡ್ರೈವರ್ ಬಂದೇನವಾಜಣ್ಣನ ಮ್ಯಾಲ ಡಿಪೋದಾಗ ವಿಚಾರಣಿ ಇತ್ತು. ಆ ಬಸ್ಸಿನ ಕಂಡಕ್ಟರ್ ನಾನ, ಸಾಕ್ಷಿನೂ ನಾನ.

ಅವ ಮಾಡಿದ ತಪ್ಪರ ಏನು? ಕೊಲ್ಹಾರದ ಬ್ರಿಜ್ ಮ್ಯಾಲ ಒಂದೀಟು ಬಸ್ ನಿಲ್ಲಿಸಿದ. ಡ್ಯಾಮಿನ ಹಿನ್ನೀರಾಗ ಮುಳುಗಿದ ನಿನ್ನ ತವರೂರಿನ ಮುದುಕಿ ಒಬ್ಬಾಕಿ ಅಕ್ಕಿ, ಕುಬಸದ ಖಣ ಹಿಡಕೊಂಡು, "ಯಪ್ಪಾ, ನಮ್ಮನಿ ಇಲ್ಲೇ ಕೆಳಗೈತಿ, ಹೊಳಿಗೆ ಉಡಿ ತುಂಬತೇನಿ" ಅಂತ ಅಂಗಲಾಚಿದ್ಲು. ಯಾರೋ ಪುಣ್ಯಾತ್ಮ ವಿಡಿಯೋ ಮಾಡಿ ಮ್ಯಾಲಿನವರಿಗೆ ಕಳಿಸಿದ.

ವಿಚಾರಣ್ಯಾಗ ಸಾಹೇಬ ತಲಿ ಎತ್ತದನ ನನ್ನ ಕೇಳಿದ, "ಅಲ್ಲಿ ಸ್ಟಾಪ್ ಐತೇನು?"

"ಇಲ್ರಿ. ಅಲ್ಲಿ ಊರಿತ್ರಿ."

"ಕೇಳಿದ್ದಕ್ಕಷ್ಟ ಹೇಳವಾ."

"ಬೆಲ್ ಹೊಡದಾಕಿ ನಾನ್ರಿ. ನಾ ಹೊಡದಿದ್ದಕ್ಕ ಅವರು ನಿಲ್ಲಿಸ್ಯಾರ್ರಿ."

"ಅದನ್ನ ನಿನಗ ಯಾರು ಕೇಳ್ಯಾರ?"

ಬರಕೊಳ್ಳಾಕ ಕೂತಾವ ಪೆನ್ನು ಸೈತ ಅಳಗಾಡಿಸಲಿಲ್ಲ ಅವ್ವಾ! ಬಂದೇನವಾಜಣ್ಣಗ ಅಮಾನತು, ನನಗ ಚಹಾ. ಆ ಚಹಾ ನಾ ಮುಟ್ಟಲಿಲ್ಲ.

ನಾ ಎದ್ದು ಹೊಂಟಾಗ ಸಾಹೇಬ ಅಂದ, "ಇಷ್ಟು ವರ್ಷ ಸರ್ವಿಸ್ ಮಾಡೀದಿ, ರೂಲ್ ಗೊತ್ತಿಲ್ಲೇನು?"

ನನಗ ರೂಲ್ ಗೊತ್ತಿಲ್ಲೇನಂತ! ಓಡೂ ಬಸ್ಸಿನ ಕಿಡಕಿಯಾಗಿಂದ ನೀ ಒಗದ ಉಡಿಯಕ್ಕಿ ಹೊಳಿ ಮುಟ್ಟದ ರೋಡಿನ ಮ್ಯಾಲ ಬಿತ್ತಲ್ಲ, ಆ ಬಸ್ಸಿನ ಕಂಡಕ್ಟರ್ರೂ ನಾನ ಇದ್ದೆ.